ಅಂತರ್ಜಾಲಕ್ಕೆ ಕಡ್ಡಾಯ ಜರಡಿ: ಆಸ್ಟ್ರೇಲಿಯಾದ ಅನುಭವ ಕಲಿಸುವ ಪಾಠ

2009ರ ಮಾರ್ಚ್ ತಿಂಗಳಿನಲ್ಲಿ ಆಸ್ಟ್ರೇಲಿಯಾದ ಗೋಪ್ಯ ಪಟ್ಟಿಯೊಂದು ಸೋರಿಕೆಯಾಗಿ, ವಿಕಿಲೀಕ್ಸ್ ಮೂಲಕ ಜಗತ್ತಿನ ಮುಂದೆ ಬಂತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳು ಮತ್ತು ಅಂತಹ ಹೀನ ವಿಷಯಗಳನ್ನು ಹೊತ್ತ ಜಾಲತಾಣಗಳ ಸರ್ಕಾರಿ ಪಟ್ಟಿ ಎಂದು ಅದನ್ನು ಜನ ಭಾವಿಸಿದ್ದರು. ಸುಮಾರು 2,300 ವಿಳಾಸಗಳಿದ್ದ ಆ ಪಟ್ಟಿಯನ್ನು ಓದುತ್ತ ಹೋದವರಿಗೆ ನಡುನಡುವೆ ಬೇರೆಯದೇ ಬಗೆಯ ಹೆಸರುಗಳು ಕಂಡವು. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಒಬ್ಬ ದಂತವೈದ್ಯರ ಚಿಕಿತ್ಸಾಲಯದ ತಾಣ, ಒಂದು ಪ್ರವಾಸ ಸಂಸ್ಥೆಯ ತಾಣ, ಊರಿಗೆ ಹೋಗುವವರ ಸಾಕುನಾಯಿಗಳನ್ನು ಇರಿಸಿಕೊಂಡು ನೋಡಿಕೊಳ್ಳುವ ಸಂಸ್ಥೆಯೊಂದರ ತಾಣ, ಶಾಲಾ ಕ್ಯಾಂಟೀನುಗಳಿಗೆ ಸಲಹೆ ನೀಡುವವರ ತಾಣ ಇವೆಲ್ಲವೂ ಅದೇ ಪಟ್ಟಿಯಲ್ಲಿ ಸೇರಿದ್ದವು.

ಇವರೆಲ್ಲರೂ ಸಣ್ಣ ವೃತ್ತಿ, ಸಣ್ಣ ವ್ಯಾಪಾರ ನಡೆಸುತ್ತಿದ್ದವರು. ಪಟ್ಟಿ ಗೋಪ್ಯವಾಗಿದ್ದುದರಿಂದ ತಮ್ಮ ಹೆಸರು ಅದರಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳುವ ದಾರಿಯೇ ಅವರಿಗೆ ಇರಲಿಲ್ಲ. ಮಾರುಕಟ್ಟೆಯಲ್ಲಿ ಹೆಸರೇ ಬಂಡವಾಳ ಎಂಬ ಮಾತು ಪ್ರತಿಯೊಬ್ಬ ವರ್ತಕರಿಗೂ ಗೊತ್ತು. ಆ ಬಂಡವಾಳವನ್ನು ಒಂದು ಸರ್ಕಾರಿ ಪಟ್ಟಿ ಸದ್ದಿಲ್ಲದೆ ಕರಗಿಸಬಲ್ಲದು ಎಂಬುದನ್ನು ಈ ಘಟನೆ ತೋರಿಸಿತು. ಅಶ್ಲೀಲ ತಾಣಗಳಿಗೆ ಸರ್ಕಾರವೇ ಕಡ್ಡಾಯ ಜರಡಿ ಹಾಕಬೇಕೆಂಬ ಬೇಡಿಕೆ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಮರಳಿ ಮರಳಿ ಕೇಳಿಬರುವುದರಿಂದ, ಆಸ್ಟ್ರೇಲಿಯಾದ ಐದು ವರ್ಷಗಳ ಅನುಭವವನ್ನು ವಾಣಿಜ್ಯ ಸಮುದಾಯವು ಅರಿತಿರುವುದು ಉಚಿತ.

ಬೇಡಿಕೆ ಹುಟ್ಟಿದ ಬಗೆ

ಜರಡಿಯ ಬೇಡಿಕೆಯ ಹಿಂದಿದ್ದ ಆತಂಕ ಸುಳ್ಳಾಗಿರಲಿಲ್ಲ. ಮನೆಮನೆಗೆ ಬ್ರಾಡ್‌ಬ್ಯಾಂಡ್ ಬಂದ ಆ ವರ್ಷಗಳಲ್ಲಿ, ಮಗು ಒಂದು ಗುಂಡಿ ಒತ್ತಿದರೆ ಏನು ಕಾಣುವುದೋ ಎಂಬ ಭಯ ಎಲ್ಲ ತಂದೆತಾಯಿಯರನ್ನೂ ಕಾಡುತ್ತಿತ್ತು. ಜಾನ್ ಹೋವರ್ಡ್ ಅವರ ಸರ್ಕಾರವು 2007ರ ಆಗಸ್ಟ್‌ನಲ್ಲಿ ಮನೆಯ ಗಣಕಯಂತ್ರಗಳಿಗೆ ಉಚಿತವಾಗಿ ಫಿಲ್ಟರ್ ತಂತ್ರಾಂಶ ಹಂಚುವ ಯೋಜನೆಯನ್ನು ತಂದಿತು. ಅದರ ವೆಚ್ಚ ಸುಮಾರು 8.4 ಕೋಟಿ ಆಸ್ಟ್ರೇಲಿಯನ್ ಡಾಲರ್. ಯೋಜನೆ ಹೊರಬಿದ್ದ ಕೆಲವೇ ದಿನಗಳಲ್ಲಿ ಮೆಲ್ಬರ್ನ್‌ನ 16 ವರ್ಷದ ವಿದ್ಯಾರ್ಥಿಯೊಬ್ಬ ಸುಮಾರು ಅರ್ಧ ಗಂಟೆಯಲ್ಲಿ ಆ ತಂತ್ರಾಂಶವನ್ನು ನಿಷ್ಫಲಗೊಳಿಸಿ ತೋರಿಸಿದನು. ಫಿಲ್ಟರ್ ಕೆಲಸ ಮಾಡುತ್ತಿರುವಂತೆಯೇ ಪರದೆಯ ಮೇಲೆ ಕಾಣುತ್ತಿದ್ದುದರಿಂದ ತಂದೆತಾಯಿಯರಿಗೆ ಅನುಮಾನವೂ ಬರುವಂತಿರಲಿಲ್ಲ.

ಅದೇ ವರ್ಷದ ನವೆಂಬರ್ ಚುನಾವಣೆಯಲ್ಲಿ ಲೇಬರ್ ಪಕ್ಷವು ಇನ್ನೂ ಮುಂದೆ ಹೋಯಿತು. ಮನೆಯಲ್ಲಿ ಫಿಲ್ಟರ್ ಇಟ್ಟುಕೊಳ್ಳುವ ಆಯ್ಕೆಯನ್ನು ಕುಟುಂಬಕ್ಕೆ ಬಿಡುವುದಕ್ಕಿಂತ, ಅಂತರ್ಜಾಲ ಸೇವೆ ಒದಗಿಸುವ ಕಂಪನಿಗಳ ಹಂತದಲ್ಲಿಯೇ ಎಲ್ಲ ಪ್ರಜೆಗಳಿಗೂ ಅನ್ವಯಿಸುವಂತೆ ಜರಡಿ ಹಾಕುವ ಭರವಸೆಯನ್ನು ಅದು ನೀಡಿತು. ಕೆವಿನ್ ರಡ್ ಅವರ ಸರ್ಕಾರದಲ್ಲಿ ಸಂಪರ್ಕ ಸಚಿವರಾದ ಸ್ಟೀಫನ್ ಕಾನ್ರಾಯ್ ಅವರು ಇದರ ಹೊಣೆ ಹೊತ್ತರು. 2008ರ ಮುಂಗಡಪತ್ರದಲ್ಲಿ ಅಂತರ್ಜಾಲ ಸುರಕ್ಷತೆಗಾಗಿ ನಾಲ್ಕು ವರ್ಷಗಳ ಅವಧಿಗೆ 12.58 ಕೋಟಿ ಡಾಲರ್ ತೆಗೆದಿರಿಸಲಾಯಿತು.

ಈ ಎರಡು ಯೋಜನೆಗಳ ನಡುವಿನ ವ್ಯತ್ಯಾಸವೇ ಇಡೀ ಚರ್ಚೆಯ ತಿರುಳು. ಮೊದಲನೆಯದರಲ್ಲಿ ಜರಡಿಯ ಹಿಡಿ ಮನೆಯ ಯಜಮಾನರ ಕೈಯಲ್ಲಿತ್ತು. ಎರಡನೆಯದರಲ್ಲಿ ಅದು ಸರ್ಕಾರದ ಕೈ ಸೇರಿತು. ಮಕ್ಕಳಿಲ್ಲದ ಮನೆಯ ವಯಸ್ಕರಿಗೂ, ಕಚೇರಿಗೂ, ಕಾರ್ಖಾನೆಗೂ ಅದು ಒಂದೇ ರೀತಿ ಅನ್ವಯಿಸುವಂತಿತ್ತು.

ಜರಡಿ ಕೆಲಸ ಮಾಡುವ ರೀತಿ

ಜಾಲತಾಣವನ್ನು ತಡೆಯಲು ಸ್ಥೂಲವಾಗಿ ಮೂರು ವಿಧಾನಗಳಿವೆ. ಮೊದಲನೆಯದು ಹೆಸರಿನ ಮೂಲಕ ತಡೆಯುವುದು. ಬಳಕೆದಾರರು ತಾಣದ ಹೆಸರನ್ನು ಟೈಪ್ ಮಾಡಿದಾಗ ಅದರ ಅಂಕಿಗಳ ವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆಯಿದೆ. ಸೇವಾ ಕಂಪನಿಯು ಆ ಕೈಪಿಡಿಯಲ್ಲಿ ವಿಳಾಸವನ್ನು ತಪ್ಪಾಗಿ ಕೊಟ್ಟರೆ ತಾಣ ಸಿಗುವುದಿಲ್ಲ. ಆದರೆ ಬಳಕೆದಾರರು ಬೇರೊಂದು ಸಂಸ್ಥೆಯ ಕೈಪಿಡಿಯನ್ನು ಬಳಸಿದರೆ ಈ ತಡೆ ಅಲ್ಲಿಗೇ ಮುಗಿಯಿತು.

ಎರಡನೆಯದು ಅಂಕಿಗಳ ವಿಳಾಸವನ್ನೇ, ಎಂದರೆ ಐಪಿ ವಿಳಾಸವನ್ನೇ ತಡೆಯುವುದು. ಇದು ಅಗ್ಗ ಮತ್ತು ಸುಲಭ, ಆದರೆ ಅತ್ಯಂತ ಅಪಾಯಕಾರಿ. ಒಂದು ವಾಣಿಜ್ಯ ಸಂಕೀರ್ಣದಲ್ಲಿ ನೂರಾರು ಮಳಿಗೆಗಳಿದ್ದು ಎಲ್ಲಕ್ಕೂ ಒಂದೇ ಡೋರ್ ನಂಬರ್ ಇರುವಂತೆ, ಒಂದೇ ಐಪಿ ವಿಳಾಸದಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಜಾಲತಾಣಗಳು ನೆಲೆಸಿರುತ್ತವೆ. ಕಡಿಮೆ ಬಾಡಿಗೆಯ ಹೋಸ್ಟಿಂಗ್ ಪಡೆಯುವ ಸಣ್ಣ ಉದ್ದಿಮೆಗಳ ತಾಣಗಳು ಇರುವುದು ಬಹುಪಾಲು ಇಂತಹ ಸಂಕೀರ್ಣಗಳಲ್ಲಿಯೇ. ಒಂದು ಮಳಿಗೆಯ ತಪ್ಪಿಗಾಗಿ ಸಂಕೀರ್ಣದ ಮುಖ್ಯದ್ವಾರಕ್ಕೆ ಬೀಗ ಜಡಿದರೆ ಉಳಿದವರ ಗತಿ ಏನಾಗುವುದೆಂದು ವಿವರಿಸಬೇಕಾಗಿಲ್ಲ.

ಮೂರನೆಯದು ನಿರ್ದಿಷ್ಟ ಪುಟದ ಪೂರ್ಣ ವಿಳಾಸವನ್ನು ತಡೆಯುವುದು. ಇದು ಹೆಚ್ಚು ನಿಖರ. ಆದರೆ ಇದಕ್ಕಾಗಿ ಸೇವಾ ಕಂಪನಿಯು ಗ್ರಾಹಕರ ಸಂಚಾರವನ್ನು ಇಣುಕಿ ನೋಡಬೇಕಾಗುತ್ತದೆ. ಬ್ಯಾಂಕುಗಳು ಮತ್ತು ಅಂಗಡಿಗಳು ಬಳಸುವ, ಇಂದು ಬಹುಪಾಲು ತಾಣಗಳೂ ಅಳವಡಿಸಿಕೊಂಡಿರುವ ಗೂಢಲಿಪಿಯ ಸಂಪರ್ಕದಲ್ಲಿ ಪುಟದ ಪೂರ್ಣ ವಿಳಾಸ ಕಂಪನಿಗೆ ಕಾಣುವುದಿಲ್ಲ. ಆದ್ದರಿಂದ ಒಂದು ಪುಟವನ್ನು ತಡೆಯಹೊರಟವರು ಅಂತಿಮವಾಗಿ ಇಡೀ ತಾಣವನ್ನೇ ತಡೆಯುವ ಸ್ಥಿತಿಗೆ ಬರುತ್ತಾರೆ.

ಗೋಪ್ಯ ಪಟ್ಟಿಯ ಒಳಗೇನಿತ್ತು?

ಆಸ್ಟ್ರೇಲಿಯಾದ ನಿಷಿದ್ಧ ಪಟ್ಟಿಯನ್ನು ನಿರ್ವಹಿಸುತ್ತಿದ್ದುದು ಅಲ್ಲಿನ ಸಂಪರ್ಕ ಮತ್ತು ಮಾಧ್ಯಮ ಪ್ರಾಧಿಕಾರ. ಆ ವೇಳೆಗೆ ಪಟ್ಟಿಯು ಫಿಲ್ಟರ್ ತಂತ್ರಾಂಶ ತಯಾರಕರಿಗೆ ಮಾತ್ರ ಹೋಗುತ್ತಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ದೇಶವ್ಯಾಪಿ ಜರಡಿಯನ್ನು ಕಟ್ಟುವುದು ಸರ್ಕಾರದ ಉದ್ದೇಶವಾಗಿತ್ತು. ನಿಷಿದ್ಧ ತಾಣವೊಂದಕ್ಕೆ ಕೊಂಡಿ ನೀಡಿದ ದೇಶೀಯ ತಾಣಕ್ಕೂ ದಿನಕ್ಕೆ 11,000 ಡಾಲರ್‌ವರೆಗೆ ದಂಡ ವಿಧಿಸಲು ಅವಕಾಶವಿತ್ತು. ಪಟ್ಟಿಯಲ್ಲಿ ಏನಿದೆಯೆಂದು ಯಾರೂ ನೋಡುವಂತಿಲ್ಲ, ಆದರೆ ಅದರಲ್ಲಿರುವುದನ್ನು ತಿಳಿಯದೆ ತೋರಿಸಿದರೂ ದಂಡದ ಭಯ! ಶಾಸನದ ಪ್ರತಿಯನ್ನು ಬಚ್ಚಿಟ್ಟು ಶಿಕ್ಷೆ ವಿಧಿಸಿದಂತೆ ಇದಾಯಿತು.

ಸೋರಿಕೆಯಾದ ಪಟ್ಟಿಯು ಪ್ರಾಧಿಕಾರದ್ದಲ್ಲ ಎಂದು ಸಚಿವರು ಮೊದಲು ಹೇಳಿದರು. ಅದರಲ್ಲಿನ ಹಲವು ವಿಳಾಸಗಳು ನಿಜವಾದ ಪಟ್ಟಿಯಲ್ಲಿಯೂ ಇದ್ದವು ಎಂಬುದು ಕ್ರಮೇಣ ಖಚಿತವಾಯಿತು. ದಂತವೈದ್ಯರ ತಾಣ ಸೇರಿದ್ದೇಕೆ ಎಂಬ ಪ್ರಶ್ನೆಗೆ ಸಚಿವರು ದೂರದರ್ಶನದ ಚರ್ಚೆಯಲ್ಲಿ ಉತ್ತರ ನೀಡಬೇಕಾಯಿತು. ರಷ್ಯಾದ ದುಷ್ಕರ್ಮಿಗಳು ಹಿಂದೊಮ್ಮೆ ಆ ತಾಣಕ್ಕೆ ಕನ್ನಹಾಕಿ ಅಶ್ಲೀಲ ವಿಷಯಗಳನ್ನು ತುಂಬಿದ್ದರು ಎಂಬುದೇ ಆ ವಿವರಣೆ. ವೈದ್ಯರು ಬಹು ಹಿಂದೆಯೇ ಹೋಸ್ಟಿಂಗ್ ಕಂಪನಿಯನ್ನು ಬದಲಿಸಿ ತಾಣವನ್ನು ಶುದ್ಧಪಡಿಸಿಕೊಂಡಿದ್ದರು. ಕಳ್ಳರು ನುಗ್ಗಿದ ಅಂಗಡಿಯನ್ನೇ ಕಳ್ಳರ ಪಟ್ಟಿಗೆ ಸೇರಿಸಿ, ಬಾಗಿಲು ರಿಪೇರಿಯಾದ ನಂತರವೂ ಹೆಸರನ್ನು ತೆಗೆಯದೆ ಉಳಿಸಿಕೊಂಡಂತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಸಿಗಲಾರದು.

ಪಟ್ಟಿಯ ಮತ್ತೊಂದು ಮುಖವೂ ಗಮನಾರ್ಹ. ಅದರಲ್ಲಿ ಅಂತರ್ಜಾಲ ಜೂಜಿನ ತಾಣಗಳಿದ್ದವು, ಯೂಟ್ಯೂಬ್ ಕೊಂಡಿಗಳಿದ್ದವು, ದಯಾಮರಣವನ್ನು ಕುರಿತ ಪುಟವೂ ಇತ್ತು. ‘ವರ್ಗೀಕರಣ ನಿರಾಕರಿಸಲ್ಪಟ್ಟ’ ವಿಷಯಗಳು ಎಂಬ ಅಲ್ಲಿನ ಕಾನೂನಿನ ಪರಿಭಾಷೆಯು ಮಕ್ಕಳ ದೌರ್ಜನ್ಯದ ಚಿತ್ರಗಳನ್ನಷ್ಟೇ ಅಲ್ಲದೆ ಬೇರೆ ಅನೇಕ ಸಂಗತಿಗಳನ್ನೂ ಒಳಗೊಂಡಿತ್ತು. ವಿಡಿಯೋ ಆಟಗಳಿಗೆ ವಯಸ್ಕರ ವರ್ಗವೇ 2013ರವರೆಗೆ ಆ ದೇಶದಲ್ಲಿ ಇರಲಿಲ್ಲ. ಹೀಗಾಗಿ ಬೇರೆ ದೇಶಗಳಲ್ಲಿ ವಯಸ್ಕರಿಗೆ ಸಕ್ರಮವಾಗಿ ಮಾರಾಟವಾಗುತ್ತಿದ್ದ ಕೆಲವು ಆಟಗಳೂ ಅದೇ ಪರಿಭಾಷೆಯಡಿ ಬರುತ್ತಿದ್ದವು. ಮಕ್ಕಳ ರಕ್ಷಣೆಯ ಹೆಸರಿನಲ್ಲಿ ತೆರೆದ ಖಾತೆಗೆ ಸಂಬಂಧವಿಲ್ಲದ ಬಾಬತ್ತುಗಳು ಒಂದೊಂದಾಗಿ ಜಮೆಯಾಗುತ್ತ ಹೋದವು.

ಪರೀಕ್ಷೆಯ ಫಲಿತಾಂಶ ಮತ್ತು ಅಂಕಿಗಳ ಅರ್ಥ

2009ರಲ್ಲಿ ಒಂಬತ್ತು ಸೇವಾ ಕಂಪನಿಗಳ ನೆರವಿನೊಂದಿಗೆ ಜರಡಿಯ ಪ್ರಾಯೋಗಿಕ ಪರೀಕ್ಷೆ ನಡೆಯಿತು. ಡಿಸೆಂಬರ್ 15ರಂದು ಅದರ ವರದಿ ಪ್ರಕಟವಾಯಿತು. ಪಟ್ಟಿಯಲ್ಲಿರುವ ವಿಳಾಸಗಳನ್ನು ತಡೆಯುವುದರಲ್ಲಿ ಫಿಲ್ಟರ್‌ಗಳು ಶೇಕಡಾ 100ರಷ್ಟು ಯಶಸ್ವಿಯಾದವು ಎಂದು ಸರ್ಕಾರ ಹೆಮ್ಮೆಯಿಂದ ಸಾರಿತು. ಸೂಚಿಸಿದ ವಿಳಾಸವನ್ನು ಸೂಚಿಸಿದಂತೆ ತಡೆಯುವುದರಲ್ಲಿ ಆಶ್ಚರ್ಯವೇನಿಲ್ಲ. ಲೆಕ್ಕಪುಸ್ತಕದಲ್ಲಿ ಬರೆದಿರುವುದನ್ನೇ ಓದಿ ಅದು ಸರಿಯಾಗಿದೆಯೆಂದು ದೃಢೀಕರಿಸುವುದನ್ನು ಲೆಕ್ಕಪರಿಶೋಧನೆ ಎನ್ನಲಾಗದು. ಬರೆದಿರುವುದು ನಿಜವೇ ಎಂಬುದಕ್ಕೆ ವೋಚರ್ ಬೇಕು.

ಪಟ್ಟಿಯ ಆಚೆಗಿನ ವಿಷಯಗಳನ್ನೂ ಸೋಸುವಂತೆ ಫಿಲ್ಟರ್‌ಗಳನ್ನು ವಿಸ್ತರಿಸಿದಾಗ ಚಿತ್ರ ಬದಲಾಯಿತು. ಸುಮಾರು ಐದನೆಯ ಒಂದು ಭಾಗದಷ್ಟು ಅನುಚಿತ ವಿಷಯ ತಪ್ಪಿಸಿಕೊಂಡಿತು. ಶೇಕಡಾ 3.4ರವರೆಗಿನ ನಿರ್ದೋಷಿ ಪುಟಗಳು ಸಿಕ್ಕಿಬಿದ್ದವು. ಶೇಕಡಾ 3.4 ಎಂಬುದು ಅಲ್ಪವಾಗಿ ಕಾಣಬಹುದು. ಆದರೆ 10 ಲಕ್ಷ ನಿರ್ದೋಷಿ ಪುಟಗಳಿಗೆ ಅನ್ವಯಿಸಿದರೆ ಅದು 34,000 ಪುಟಗಳಾಗುತ್ತದೆ. ಅಂತರ್ಜಾಲದಲ್ಲಿರುವುದು ಕೋಟ್ಯಂತರ ಪುಟಗಳು. ತಂತ್ರಜ್ಞಾನ ಬಲ್ಲವರು ಈ ಜರಡಿಗಳನ್ನು ಸುಲಭವಾಗಿ ದಾಟಬಹುದು ಎಂಬುದನ್ನೂ ವರದಿ ಮರೆಮಾಚಲಿಲ್ಲ. ಎಂದರೆ ತಪ್ಪು ಮಾಡಬೇಕೆಂದು ಹೊರಟವರು ಪಾರಾಗುತ್ತಾರೆ, ದಾರಿ ಗೊತ್ತಿಲ್ಲದ ಸಜ್ಜನರಷ್ಟೇ ಸಿಕ್ಕಿಬೀಳುತ್ತಾರೆ.

ಯೋಜನೆಯನ್ನು ವಿರೋಧಿಸಿದವರು ಅಶ್ಲೀಲತೆಯ ಪಕ್ಷಪಾತಿಗಳು ಎಂಬ ಆರೋಪವೂ ಕೇಳಿಬಂತು. ಆದರೆ ಮಕ್ಕಳ ಹಿತಕ್ಕಾಗಿಯೇ ಶ್ರಮಿಸುವ ‘ಸೇವ್ ದ ಚಿಲ್ಡ್ರನ್’ ಸಂಸ್ಥೆಯ ಆಸ್ಟ್ರೇಲಿಯಾ ಶಾಖೆಯವರೂ, ಅಲ್ಲಿನ ಗ್ರಂಥಾಲಯ ಸಂಘದವರೂ ಕಡ್ಡಾಯ ಜರಡಿಗೆ ಆಕ್ಷೇಪ ಎತ್ತಿದ್ದರು. ಆ ಹಣವನ್ನು ಪೊಲೀಸ್ ತನಿಖೆಗೂ ಮಕ್ಕಳ ಶಿಕ್ಷಣಕ್ಕೂ ಬಳಸಿದರೆ ಹೆಚ್ಚು ಫಲ ದೊರೆಯುವುದು ಎಂಬುದು ವಿರೋಧಿಗಳ ವಾದವಾಗಿತ್ತು.

ಹಿಂದೆಗೆತ ಮತ್ತು ಮತ್ತೊಂದು ಎಡವಟ್ಟು

2010ರ ಜುಲೈನಲ್ಲಿ ಸರ್ಕಾರ ಯೋಜನೆಯನ್ನು ಮುಂದೂಡಿತು. ಟೆಲ್‌ಸ್ಟ್ರಾ, ಆಪ್ಟಸ್ ಮತ್ತು ಪ್ರೈಮಸ್ ಕಂಪನಿಗಳು ಮಕ್ಕಳ ದೌರ್ಜನ್ಯದ ತಾಣಗಳನ್ನು ಮಾತ್ರ ತಾವಾಗಿಯೇ ತಡೆಯಲು ಒಪ್ಪಿದವು. 2012ರ ನವೆಂಬರ್ 9ರಂದು ಕಡ್ಡಾಯ ಜರಡಿಯನ್ನು ಕೈಬಿಡಲಾಯಿತು. ಅದರ ಬದಲಿಗೆ ಇಂಟರ್‌ಪೋಲ್ ಸಿದ್ಧಪಡಿಸುವ ಅತಿಹೀನ ತಾಣಗಳ ಕಿರುಪಟ್ಟಿಯನ್ನು ಬಳಸಲು ನಿರ್ಧರಿಸಲಾಯಿತು. ಆ ಪಟ್ಟಿಗೆ ಸೇರಬೇಕಾದರೆ ಚಿತ್ರದಲ್ಲಿರುವುದು ನಿಜವಾದ ಮಗುವಾಗಿರಬೇಕು, 13 ವರ್ಷಕ್ಕಿಂತ ಚಿಕ್ಕದಾಗಿ ಕಾಣುವಂತಿರಬೇಕು, ಎರಡು ಪ್ರತ್ಯೇಕ ದೇಶಗಳು ಅಥವಾ ಸಂಸ್ಥೆಗಳು ಅದನ್ನು ಸ್ವತಂತ್ರವಾಗಿ ಪರಿಶೀಲಿಸಿರಬೇಕು. ಒಬ್ಬರು ಬರೆದ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡುವ ಹಳೆಯ ಕ್ರಮವೇ ಇಲ್ಲಿ ಕೆಲಸ ಮಾಡಿದೆ. ಪಟ್ಟಿ ಚಿಕ್ಕದಾಯಿತು, ಸ್ಪಷ್ಟವಾಯಿತು, ವಿವಾದವೂ ಇಳಿಯಿತು.

ಆದರೆ ತಡೆಯುವ ಅಧಿಕಾರ ಒಮ್ಮೆ ಕೈಗೆ ಸಿಕ್ಕ ಮೇಲೆ ಅದರ ರುಚಿ ಬೇರೆ ಇಲಾಖೆಗಳಿಗೂ ಹತ್ತುತ್ತದೆ. 1997ರ ದೂರಸಂಪರ್ಕ ಕಾಯಿದೆಯ 313ನೆಯ ಕಲಮಿನಡಿಯಲ್ಲಿ, ಕಂಪನಿ ಮತ್ತು ಹೂಡಿಕೆಗಳ ನಿಯಂತ್ರಣ ಸಂಸ್ಥೆಯಾದ ಎಎಸ್‌ಐಸಿ, ವಂಚಕ ಹೂಡಿಕೆ ತಾಣವೊಂದನ್ನು ತಡೆಯುವಂತೆ 2013ರಲ್ಲಿ ಸೇವಾ ಕಂಪನಿಗಳಿಗೆ ಸೂಚಿಸಿತು. ಸೂಚನೆಯಲ್ಲಿದ್ದುದು ಐಪಿ ವಿಳಾಸ. ಅದೇ ವಿಳಾಸದಲ್ಲಿದ್ದ ಸುಮಾರು 1,200 ಇತರ ತಾಣಗಳು ಏಪ್ರಿಲ್‌ನಲ್ಲಿ ಒಮ್ಮೆಗೇ ಕಣ್ಮರೆಯಾದವು. ಮೆಲ್ಬರ್ನ್‌ನಲ್ಲಿ ಉಚಿತ ಪಾಠಗಳನ್ನು ನಡೆಸುವ ಸಂಸ್ಥೆಯೊಂದೂ ಅವುಗಳಲ್ಲಿ ಸೇರಿತ್ತು. ತಮ್ಮ ತಾಣ ಏಕೆ ನಿಂತಿತೆಂಬುದನ್ನು ತಿಳಿಯಲು ಅದರ ನಿರ್ವಾಹಕರು ದಿನಗಟ್ಟಲೆ ಅಲೆಯಬೇಕಾಯಿತು. ಇನ್ನೊಂದು ಸಂದರ್ಭದಲ್ಲಿ ಸುಮಾರು 2,50,000 ತಾಣಗಳು ತಡೆಗೊಳಗಾಗಿದ್ದವೆಂದು ಅದೇ ಸಂಸ್ಥೆ ಒಪ್ಪಿಕೊಂಡಿತು. ಅವುಗಳಲ್ಲಿ ಬಹುಪಾಲು ಖಾಲಿ ತಾಣಗಳಾಗಿದ್ದರೂ ಸುಮಾರು 1,000 ಸಕ್ರಿಯ ತಾಣಗಳು ಇದ್ದವು. ಒಂದು ಐಪಿ ವಿಳಾಸದಲ್ಲಿ ಹಲವು ತಾಣಗಳು ಇರಬಹುದೆಂಬ ಸಂಗತಿ ಆದೇಶ ಹೊರಡಿಸಿದ ಸಿಬ್ಬಂದಿಗೆ ತಿಳಿದಿರಲಿಲ್ಲ ಎಂಬುದು ನಂತರದ ಸಂಸದೀಯ ವಿಚಾರಣೆಯಲ್ಲಿ ಹೊರಬಂತು.

ಬ್ರಿಟನ್ನಿನಲ್ಲಿಯೂ ಇದೇ ಬಗೆಯ ಪ್ರಸಂಗ ನಡೆದಿದೆ. 2008ರ ಡಿಸೆಂಬರ್‌ನಲ್ಲಿ ಅಲ್ಲಿನ ಇಂಟರ್‌ನೆಟ್ ವಾಚ್ ಫೌಂಡೇಶನ್, ಜರ್ಮನಿಯ ರಾಕ್ ತಂಡವೊಂದರ 1976ರ ಆಲ್ಬಮ್‌ನ ಹೊದಿಕೆ ಚಿತ್ರವಿದೆಯೆಂಬ ಕಾರಣಕ್ಕೆ ವಿಕಿಪೀಡಿಯದ ಪುಟವೊಂದನ್ನು ಪಟ್ಟಿಗೆ ಸೇರಿಸಿತು. ಪರಿಣಾಮವಾಗಿ ಬ್ರಿಟನ್ನಿನ ಅಸಂಖ್ಯ ಬಳಕೆದಾರರು ವಿಕಿಪೀಡಿಯದ ಯಾವ ಪುಟವನ್ನೂ ತಿದ್ದಲಾಗದೆ ಪರದಾಡಿದರು. ನಾಲ್ಕು ದಿನಗಳಲ್ಲಿ ಸಂಸ್ಥೆ ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಇತ್ತೀಚೆಗೆ, 2025ರ ಜುಲೈ 25ರಿಂದ ಅಲ್ಲಿ ಅಶ್ಲೀಲ ತಾಣಗಳಿಗೆ ವಯಸ್ಸಿನ ಕಟ್ಟುನಿಟ್ಟಾದ ತಪಾಸಣೆ ಕಡ್ಡಾಯವಾದಾಗ, ತಡೆಯನ್ನು ದಾಟಿಸುವ ವಿಪಿಎನ್ ತಂತ್ರಾಂಶಗಳು ಹೆಚ್ಚು ಇಳಿಸಿಕೊಂಡ ಆಪ್‌ಗಳ ಸಾಲಿನಲ್ಲಿ ಮುಂಚೂಣಿಗೆ ಬಂದವು.

ಭಾರತದಲ್ಲಿ 857 ಮತ್ತು 827

ಭಾರತದ ಅನುಭವವೂ ಇದಕ್ಕಿಂತ ಬಹಳ ಭಿನ್ನವಲ್ಲ. 2003ರಲ್ಲಿ ಮೇಘಾಲಯಕ್ಕೆ ಸಂಬಂಧಿಸಿದ ಒಂದೇ ಒಂದು ಚರ್ಚಾ ಗುಂಪನ್ನು ತಡೆಯಲು ಹೋಗಿ ಯಾಹೂ ಗ್ರೂಪ್ಸ್ ಸೇವೆಯೇ ದೇಶದಲ್ಲಿ ನಿಂತುಹೋಗಿತ್ತು. 2006ರ ಜುಲೈನಲ್ಲಿ ಬೆರಳೆಣಿಕೆಯ ಪುಟಗಳನ್ನು ತಡೆಯಲು ಹೇಳಿದಾಗ ಹಲವು ಸೇವಾ ಕಂಪನಿಗಳು ಬ್ಲಾಗ್‌ಸ್ಪಾಟ್ ತಾಣವನ್ನೇ ಮುಚ್ಚಿದವು.

ಅಶ್ಲೀಲ ತಾಣಗಳ ವಿಷಯ ದೊಡ್ಡದಾಗಿ ಎದ್ದದ್ದು 2013ರಲ್ಲಿ. ಇಂದೋರಿನ ವಕೀಲ ಕಮಲೇಶ್ ವಾಸ್ವಾನಿ ಅವರು ಇಂತಹ ತಾಣಗಳ ನಿಷೇಧ ಕೋರಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. 2015ರ ಜುಲೈ 8ರ ವಿಚಾರಣೆಯಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ, ಚಿಕ್ಕಮಗಳೂರು ಜಿಲ್ಲೆಯವರಾದ ಎಚ್.ಎಲ್. ದತ್ತು ಅವರು ಮಧ್ಯಂತರ ನಿಷೇಧಕ್ಕೆ ಒಪ್ಪಲಿಲ್ಲ. ಹದಿನೆಂಟು ದಾಟಿದ ವ್ಯಕ್ತಿಯೊಬ್ಬ ನ್ಯಾಯಾಲಯಕ್ಕೆ ಬಂದು, ತನ್ನ ಕೋಣೆಯ ನಾಲ್ಕು ಗೋಡೆಗಳೊಳಗೆ ನೋಡುವುದನ್ನು ಹೇಗೆ ತಡೆಯುತ್ತೀರಿ ಎಂದು ಕೇಳಿದರೆ ಏನು ಉತ್ತರ, ಅದು ಸಂವಿಧಾನದ 21ನೆಯ ವಿಧಿಯ ಉಲ್ಲಂಘನೆಯಾಗದೇ ಎಂಬ ಆಶಯದ ಮೌಖಿಕ ಅಭಿಪ್ರಾಯವನ್ನು ಅವರು ವ್ಯಕ್ತಪಡಿಸಿದರು.

ಹೀಗಿದ್ದರೂ ಅದೇ ತಿಂಗಳ 31ರಂದು ದೂರಸಂಪರ್ಕ ಇಲಾಖೆ 857 ತಾಣಗಳನ್ನು ತಡೆಯುವಂತೆ ಆದೇಶಿಸಿತು. ಪಟ್ಟಿಯಲ್ಲಿ ಹಾಸ್ಯದ ತಾಣವೂ ಇದ್ದುದು ಟೀಕೆಗೆ ಗುರಿಯಾಯಿತು. ಆಗಸ್ಟ್ 4ರಂದು ಇಲಾಖೆ ಆದೇಶವನ್ನು ಸಡಿಲಿಸಿ, ಮಕ್ಕಳ ಅಶ್ಲೀಲ ಚಿತ್ರಗಳಿಲ್ಲದ ತಾಣಗಳನ್ನು ತೆರೆಯಲು ಸೇವಾ ಕಂಪನಿಗಳಿಗೆ ಸ್ವಾತಂತ್ರ್ಯ ನೀಡಿತು. ಯಾವುದರಲ್ಲಿ ಏನಿದೆಯೆಂದು ಪರಿಶೀಲಿಸುವ ವ್ಯವಸ್ಥೆ ತಮ್ಮಲ್ಲಿಲ್ಲ ಎಂದು ಸೇವಾ ಕಂಪನಿಗಳ ಸಂಘ ಉತ್ತರಿಸಿತು. ಸರ್ಕಾರ ಹೊರಬೇಕಾದ ನಿರ್ಣಯದ ಹೊರೆಯನ್ನು ಖಾಸಗಿ ವ್ಯಾಪಾರಿಯ ತಲೆಗೆ ಹೊರಿಸಿದರೆ, ಅನುಮಾನ ಬಂದದ್ದನ್ನೆಲ್ಲ ಮುಚ್ಚಿಡುವುದೇ ಆತನಿಗೆ ಕ್ಷೇಮಕರವಾಗಿ ತೋರುವುದು ಸಹಜ.

2018ರ ಸೆಪ್ಟೆಂಬರ್‌ನಲ್ಲಿ, ಶಾಲಾ ಬಾಲಕಿಯೊಬ್ಬಳ ಮೇಲೆ ನಡೆದ ಘೋರ ಅಪರಾಧದ ಹಿನ್ನೆಲೆಯಲ್ಲಿ, ಉತ್ತರಾಖಂಡ ಹೈಕೋರ್ಟ್ ಮೂಲ ಆದೇಶವನ್ನು ಜಾರಿಗೊಳಿಸುವಂತೆ ಸೂಚಿಸಿತು. ಆಗ ಸಚಿವಾಲಯವು ಪಟ್ಟಿಯನ್ನು ಮತ್ತೊಮ್ಮೆ ಪರಿಶೀಲಿಸಿದಾಗ 857ರಲ್ಲಿ 30 ತಾಣಗಳಲ್ಲಿ ಅಶ್ಲೀಲ ವಿಷಯವೇ ಇಲ್ಲವೆಂಬುದು ಕಂಡುಬಂತು. ಆದ್ದರಿಂದ 827 ತಾಣಗಳನ್ನಷ್ಟೇ ತಡೆಯಲಾಯಿತು. ಮೂವತ್ತು ಎಂದರೆ ಪಟ್ಟಿಯ ಶೇಕಡಾ 3.5. ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ ಕಂಡ ಪ್ರಮಾಣವನ್ನು ಬೇರೆ ರೀತಿಯಲ್ಲಿ ಎಣಿಸಲಾಗಿದ್ದರೂ, ಎರಡೂ ಹೇಳುವ ಮಾತು ಒಂದೇ: ಮರುಪರಿಶೀಲನೆ ನಡೆದಾಗಲೇ ತಪ್ಪು ಹೊರಬರುತ್ತದೆ. ಇತ್ತ ತಡೆಗೊಳಗಾದ ದೊಡ್ಡ ತಾಣಗಳಲ್ಲಿ ಕೆಲವು ವಿಳಾಸದ ಬಾಲವನ್ನು ಬದಲಿಸಿಕೊಂಡು ಕೆಲವೇ ದಿನಗಳಲ್ಲಿ ಮತ್ತೆ ತಲೆಯೆತ್ತಿದವು.

ಸ್ವಾತಂತ್ರ್ಯದ ಗೆರೆ ಎಲ್ಲಿ?

ಮಕ್ಕಳನ್ನು ಬಳಸಿಕೊಂಡ ಚಿತ್ರಗಳ ವಿಷಯದಲ್ಲಿ ಸ್ವಾತಂತ್ರ್ಯದ ಪ್ರಶ್ನೆಯೇ ಇಲ್ಲ. ಅದು ಅಭಿವ್ಯಕ್ತಿಯಲ್ಲ, ಅಪರಾಧದ ದಾಖಲೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮು ಅದನ್ನು ಕಠಿಣವಾಗಿ ದಂಡಿಸುತ್ತದೆ. ಅಂತಹ ಚಿತ್ರಗಳನ್ನು ನೋಡುವುದೂ ಇಟ್ಟುಕೊಳ್ಳುವುದೂ ಅಪರಾಧವೇ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ವಯಸ್ಕರ ಖಾಸಗಿ ಬದುಕು ಬೇರೆಯ ಪ್ರಶ್ನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಹಕ್ಕಿಗೆ ಮಿತಿ ಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯಬದ್ಧ ಉದ್ದೇಶವಿರಬೇಕು, ಕ್ರಮವು ಉದ್ದೇಶಕ್ಕೆ ಅನುಪಾತದಲ್ಲಿರಬೇಕು. ಒಬ್ಬ ವಯಸ್ಕನ ಅಭಿರುಚಿ ಸಮಾಜಕ್ಕೆ ಮೆಚ್ಚುಗೆಯಾಗಬೇಕೆಂದಿಲ್ಲ. ಆದರೆ ಮೆಚ್ಚುಗೆಯಾಗದ್ದನ್ನೆಲ್ಲ ಗೋಪ್ಯ ಪಟ್ಟಿಗೆ ಸೇರಿಸುವ ಅಧಿಕಾರವನ್ನು ಒಪ್ಪಿಕೊಂಡರೆ, ನಾಳೆ ಯಾರಿಗೆ ಏನು ಮೆಚ್ಚುಗೆಯಾಗದೋ ಹೇಳಬಲ್ಲವರಾರು? ದಯಾಮರಣದ ಬಗ್ಗೆ ಓದಬಯಸಿದ ಆಸ್ಟ್ರೇಲಿಯಾದ ವೃದ್ಧರು ಅಶ್ಲೀಲತೆಯನ್ನು ಹುಡುಕಿಕೊಂಡು ಹೋದವರಾಗಿರಲಿಲ್ಲ.

ವರ್ತಕರಿಗೆ ಇದರಲ್ಲಿ ಇನ್ನೊಂದು ಹಕ್ಕೂ ಅಡಗಿದೆ. ಸಂವಿಧಾನದ 19(1)(ಜಿ) ವಿಧಿಯು ವ್ಯಾಪಾರ ಮಾಡುವ ಸ್ವಾತಂತ್ರ್ಯವನ್ನು ನೀಡುತ್ತದೆ. ಜಾಲತಾಣವೇ ಅಂಗಡಿಯಾಗಿರುವ ಕಾಲದಲ್ಲಿ ತಾಣ ಮುಚ್ಚುವುದೆಂದರೆ ಅಂಗಡಿಗೆ ಬೀಗ ಹಾಕಿದಂತೆ. ಜಿಎಸ್‌ಟಿ ಕಾಯಿದೆಯಡಿ ರಸ್ತೆಯಲ್ಲಿ ಲಾರಿ ಹಿಡಿದರೂ ಏಳು ದಿನಗಳೊಳಗೆ ನೋಟಿಸು ನೀಡಬೇಕು, ಲಿಖಿತ ಆದೇಶ ಹೊರಡಿಸಬೇಕು, 107ನೆಯ ಕಲಮಿನಡಿ ಮೂರು ತಿಂಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ನೋಂದಣಿ ರದ್ದುಪಡಿಸುವ ಮುನ್ನವೂ ಕಾರಣ ಕೇಳಿ ನೋಟಿಸು ನೀಡಲೇಬೇಕು. ಸರಕಿಗೆ ದೊರೆಯುವ ಈ ರಕ್ಷಣೆ ಜಾಲತಾಣಕ್ಕೂ ಬೇಡವೇ?

ಕಾಗದದ ಮೇಲೆ ಸ್ವಲ್ಪ ರಕ್ಷಣೆ ಇದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮು ಮತ್ತು 2009ರ ನಿಯಮಗಳಡಿ ಲಿಖಿತ ಕಾರಣ, ಸಮಿತಿಯ ಪರಿಶೀಲನೆ, ಬಾಧಿತರಿಗೆ ಅಥವಾ ಮಧ್ಯವರ್ತಿಗೆ ನೋಟಿಸು, ಎರಡು ತಿಂಗಳಿಗೊಮ್ಮೆ ಮರುಪರಿಶೀಲನೆ ಇವೆಲ್ಲ ವಿಧಿಸಲ್ಪಟ್ಟಿವೆ. 2015ರ ಮಾರ್ಚ್ 24ರ ಶ್ರೇಯಾ ಸಿಂಘಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿದದ್ದು ಇಂತಹ ರಕ್ಷಣೆಗಳನ್ನು ಗಮನಿಸಿಯೇ. ಆದರೆ ಅದೇ ನಿಯಮಗಳ 16ನೆಯ ನಿಯಮ ಎಲ್ಲವನ್ನೂ ಗೋಪ್ಯವಾಗಿಡಬೇಕೆನ್ನುತ್ತದೆ. 857 ತಾಣಗಳ ಆದೇಶವಾದರೋ 69ಎ ಅಡಿಯಲ್ಲಿ ಬಂದುದಲ್ಲ. ಅಂತಹ ವಿವರವಾದ ಕಾರ್ಯವಿಧಾನವಿಲ್ಲದ 79(3)(ಬಿ) ಕಲಮಿನಡಿ ಬಂದುದು. ಇದೇ ಕಲಮನ್ನು ಆಧರಿಸಿದ ‘ಸಹಯೋಗ್’ ಪೋರ್ಟಲನ್ನು ಪ್ರಶ್ನಿಸಿದ್ದ ಎಕ್ಸ್ ಕಂಪನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಸೆಪ್ಟೆಂಬರ್ 24ರಂದು ವಜಾಗೊಳಿಸಿತು. ಅದರ ಬೆನ್ನಿಗೇ ಸರ್ಕಾರವು ನಿಯಮಗಳನ್ನು ತಿದ್ದಿ, 2025ರ ನವೆಂಬರ್ 15ರಿಂದ ಇಂತಹ ಸೂಚನೆಗಳನ್ನು ಹಿರಿಯ ಅಧಿಕಾರಿಗಳೇ ಕಾರಣಸಹಿತ ನೀಡಬೇಕೆಂದೂ, ಅವುಗಳ ಮಾಸಿಕ ಮರುಪರಿಶೀಲನೆ ನಡೆಯಬೇಕೆಂದೂ ವಿಧಿಸಿತು. ಇದು ಸ್ವಾಗತಾರ್ಹ ಹೆಜ್ಜೆ. ಬಾಧಿತರಾದ ತಾಣದ ಒಡೆಯರಿಗೆ ನೇರ ನೋಟಿಸು ಮತ್ತು ಸುಲಭ ಮೇಲ್ಮನವಿ ದೊರೆಯುವಂತಾಗುವುದು ಮುಂದಿನ ಹೆಜ್ಜೆಯಾಗಬೇಕು.

ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

1. ಸಂಸ್ಥೆಯ ಡೊಮೇನ್ ಹೆಸರು ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿರಲಿ. ತಾಣ ರೂಪಿಸಿಕೊಟ್ಟವರ ಹೆಸರಿನಲ್ಲಿದ್ದರೆ ತೊಂದರೆ ಬಂದಾಗ ಅಹವಾಲು ಹೇಳಿಕೊಳ್ಳುವ ಅಧಿಕಾರವೇ ಪ್ರಶ್ನೆಗೊಳಗಾಗುತ್ತದೆ.

2. ತಾಣದ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಿ, ಪ್ರತಿಯೊಂದನ್ನು ಬೇರೆಡೆ ಕಾಯ್ದಿರಿಸಬೇಕು. ಕನ್ನ ಬಿದ್ದದ್ದು ಗೊತ್ತಾದೊಡನೆ ದುರಸ್ತಿ ಮಾಡಿಸಿದ ದಿನಾಂಕ ಮತ್ತು ಬಿಲ್ಲುಗಳನ್ನು ದಾಖಲೆಯಾಗಿ ಇಟ್ಟುಕೊಳ್ಳಬೇಕು. ದಂತವೈದ್ಯರ ಪ್ರಸಂಗ ಕಲಿಸುವ ಮೊದಲ ಪಾಠವಿದು.

3. ತಾಣವು ಒಂದು ಕಂಪನಿಯ ಸಂಪರ್ಕದಲ್ಲಿ ತೆರೆಯದೆ ಇನ್ನೊಂದರಲ್ಲಿ ತೆರೆಯುತ್ತಿದ್ದರೆ, ತಡೆಯ ಸಾಧ್ಯತೆಯನ್ನು ಪರಿಶೀಲಿಸಿ ಹೋಸ್ಟಿಂಗ್ ಕಂಪನಿಗೂ ಸೇವಾ ಕಂಪನಿಗೂ ಲಿಖಿತವಾಗಿ ಬರೆಯಬೇಕು.

4. ಕಾರ್ಖಾನೆ ಅಥವಾ ಕಚೇರಿಯ ಜಾಲದಲ್ಲಿ ಫಿಲ್ಟರ್ ಹಾಕುವುದು ಮಾಲೀಕರ ಹಕ್ಕು. ಅದು ಸರ್ಕಾರಿ ಜರಡಿಯಂತಲ್ಲ. ನಿಯಮವನ್ನು ಬರೆದು ನೌಕರರಿಗೆ ಮುಂಚಿತವಾಗಿ ತಿಳಿಸುವುದು ಒಳ್ಳೆಯದು.

5. ಸೈಬರ್ ಕೆಫೆ ನಡೆಸುವವರಿಗೆ 2011ರ ಮಾರ್ಗಸೂಚಿ ನಿಯಮಗಳಿವೆ. ಬಳಕೆದಾರರ ಗುರುತು ಮತ್ತು ದಾಖಲೆಗಳನ್ನು ಕನಿಷ್ಠ ಒಂದು ವರ್ಷ ಕಾಯ್ದಿಡಬೇಕು. ಫಿಲ್ಟರ್ ತಂತ್ರಾಂಶ ಅಳವಡಿಕೆಯನ್ನೂ ಆ ನಿಯಮಗಳು ಪ್ರಸ್ತಾಪಿಸುತ್ತವೆ.

ಮಕ್ಕಳ ರಕ್ಷಣೆ ಮತ್ತು ಪ್ರಜೆಯ ಸ್ವಾತಂತ್ರ್ಯ ಒಂದಕ್ಕೊಂದು ಶತ್ರುಗಳಲ್ಲ. ಆಸ್ಟ್ರೇಲಿಯಾ ತನ್ನ ಹುಡುಕಾಟವನ್ನು ಇಂದಿಗೂ ನಿಲ್ಲಿಸಿಲ್ಲ. 16 ವರ್ಷದೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ತಡೆಯುವ ಅಲ್ಲಿನ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿದೆ. ಅದರ ಫಲಾಫಲ ಕಾಲಕ್ರಮದಲ್ಲಿ ತಿಳಿಯಲಿದೆ. ಯಾವ ದೇಶ ಯಾವ ಜರಡಿಯನ್ನು ಆಯ್ದುಕೊಂಡರೂ ಕೇಳಬೇಕಾದ ಪ್ರಶ್ನೆಗಳು ಲೆಕ್ಕಪತ್ರದ ಮೇಜಿನ ಮೇಲೆ ದಿನನಿತ್ಯ ಕೇಳುವಂಥವೇ: ಈ ನಮೂದಿಗೆ ಆಧಾರವೇನು, ಯಾರು ತಾಳೆ ನೋಡಿದರು, ತಪ್ಪಿದ್ದರೆ ತಿದ್ದುವವರಾರು? ಈ ಮೂರಕ್ಕೂ ಉತ್ತರವಿರುವ ಪಟ್ಟಿ ಮಕ್ಕಳನ್ನು ಕಾಯಬಲ್ಲದು. ಉತ್ತರವಿಲ್ಲದ ಪಟ್ಟಿಯು ಇನ್ನಾವುದೋ ಊರಿನಲ್ಲಿ, ಇನ್ನೊಬ್ಬ ದಂತವೈದ್ಯರ ಬಾಗಿಲಿಗೆ ಅವರಿಗೇ ತಿಳಿಯದಂತೆ ಬೀಗ ಹಾಕುತ್ತದೆ.